ಅಜ್ಜಿಯ ಮೊಣಕಾಲು: ಒಂದು ಪಾಠ

ನಮ್ಮ ಮನೆ ಮುಂಬಯಿಯ ಒಂದು ಹಳೆಯ ಚಾಳಿನ ಮೂರನೆಯ ಮಾಳಿಗೆಯಲ್ಲಿದೆ. ಲಿಫ್ಟ್ ಇಲ್ಲ. ಮಾಟುಂಗದ ಮಾರ್ಕೆಟ್ಟಿಗೆ ತಾವೇ ಹೋಗಿ ಮಂಗಳೂರು ಸೌತೆ ಆರಿಸಿ ತರುತ್ತಿದ್ದ ನಮ್ಮ ಅಜ್ಜಿ, ಕಳೆದ ಮಳೆಗಾಲದಿಂದ ಕೆಳಗಿಳಿಯುವುದನ್ನೇ ಬಿಟ್ಟರು. ಮೊಣಕಾಲು ನೋವು. "ಅಜ್ಜಿ, ನೀವು ಸುಮ್ನೆ ಕೂತ್ಕೊಳ್ಳಿ" ಎಂದವನು ನಾನೇ. ಪ್ರೀತಿಯಿಂದ ಹೇಳಿದ್ದೆ, ಆದರೆ ತಪ್ಪು ಹೇಳಿದ್ದೆ. ಯಾಕೆ ತಪ್ಪು ಎಂಬುದೇ ಈ ಲೇಖನದ ವಿಷಯ.

ಕೀಲಿನಲ್ಲಿ ಮೂಳೆಗಳ ತುದಿಗೆ ಮೃದ್ವಸ್ಥಿಯ ನುಣುಪಾದ ಹೊದಿಕೆಯಿದೆ. ಇದು ತೆಳುವಾಗಿ ಒರಟಾಗುವುದು ಆಸ್ಟಿಯೋಆರ್ಥ್ರೈಟಿಸ್‌ನ ಮುಖ್ಯ ಲಕ್ಷಣ. ಮೃದ್ವಸ್ಥಿಯೊಳಗೆ ರಕ್ತನಾಳಗಳಿಲ್ಲ. ಕೀಲಿನ ಜಾರುದ್ರವವೇ ಅದಕ್ಕೆ ಆಹಾರ. ನಡೆಯುವಾಗ ಒತ್ತಡ ಬಿದ್ದು ಸಡಿಲವಾದಂತೆ, ಸ್ಪಂಜಿನ ಹಾಗೆ ಆ ದ್ರವ ಒಳಗೆ ಹೊರಗೆ ಆಡುತ್ತದೆ. ಸುಮ್ಮನೆ ಕೂತರೆ ಮೃದ್ವಸ್ಥಿಗೆ ಉಪವಾಸ! ತೊಡೆಯ ಸ್ನಾಯುವೂ ಸೊರಗುತ್ತದೆ, ಕೀಲಿಗೆ ಆಸರೆ ತಪ್ಪುತ್ತದೆ, ನೋವು ಹೆಚ್ಚುತ್ತದೆ. ನೋವಿಗೆ ಹೆದರಿ ಮತ್ತೆ ಕೂರುವುದು. ಹೀಗೆ ಸುತ್ತುತ್ತಲೇ ಇರುತ್ತದೆ.

ಹಾಗಾದರೆ ಮಾಡಬೇಕಾದ್ದೇನು?

ಒಂದು, ವ್ಯಾಯಾಮ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, 5 ಎಣಿಸಿ ಇಳಿಸುವುದು. ಹೀಗೆ 10 ಸಲ. ಜೊತೆಗೆ ಸಮನೆಲದಲ್ಲಿ ಸ್ವಲ್ಪ ಸ್ವಲ್ಪವೇ ನಡಿಗೆ.

ಎರಡು, ತೂಕ. ಹೆಚ್ಚು ತೂಕದವರು 1 ಕಿಲೋ ಇಳಿಸಿದರೆ, ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು 4 ಕಿಲೋದಷ್ಟು ಇಳಿಯುತ್ತದೆ.

ಮೂರು, ಉಪಾಯ. ಕೋಲನ್ನು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದನ್ನು ಕಡಿಮೆ ಮಾಡಿ ಕುರ್ಚಿ ಬಳಸಬೇಕು.

ನಾಲ್ಕು, ಔಷಧಿ. ಡೈಕ್ಲೋಫಿನಾಕ್ ಮುಲಾಮು ಹಚ್ಚಿ ನೋಡಬಹುದು. ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವುದು ಮಾತ್ರ ಬೇಡ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಮೂತ್ರಪಿಂಡ ಕೆಡಬಹುದು, ರಕ್ತದೊತ್ತಡ ಏರಬಹುದು. ಕೀಲು ಕೆಂಪಾಗಿ ಬಿಸಿಯೇರಿ ಊದಿದರೆ, ಜ್ವರವೂ ಬಂದರೆ, ತಡಮಾಡದೆ ಡಾಕ್ಟರರ ಬಳಿ ಹೋಗಬೇಕು. ಇವೆಲ್ಲ ಸಾಲದೆ ಬದುಕೇ ಕಷ್ಟವಾದವರಿಗೆ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಇದೆ.

ಅಜ್ಜಿಗೆ ಇದನ್ನೆಲ್ಲ ಹೇಳಿದಾಗ, "ಕೂತ್ಕೊಳ್ಳಿ ಅಂದವನೂ ನೀನೇ, ಏಳಿ ಅನ್ನುವವನೂ ನೀನೇ ಮಾರಾಯ" ಎಂದು ನಕ್ಕರು. ಮೂರು ತಿಂಗಳಾಯಿತು. ನೋವು ಪೂರ್ತಿ ಹೋಗಿಲ್ಲ. ಆದರೆ ಮೊನ್ನೆ ಕೋಲೂರಿ ಕೆಳಗಿನ ಅಂಗಳದವರೆಗೆ ಇಳಿದರು. ಸೌತೆ ಆರಿಸಲು ನನಗೆ ಬರುವುದಿಲ್ಲವಂತೆ.

ಗೆಳೆಯರೇ, ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಅಜ್ಜ ಅಜ್ಜಿಯರಿಗೆ "ಕೂತ್ಕೊಳ್ಳಿ" ಅನ್ನಬೇಡಿ. "ಬನ್ನಿ, ಜೊತೆಗೆ ನಡೆಯೋಣ" ಅನ್ನಿ.