ದ್ವೀಪಕ್ಕೆ ಹೋದ ಗಿನಿ ಹುಲ್ಲು

ಗಿನಿ ಹುಲ್ಲು ನಮಗೆಲ್ಲ ಗೊತ್ತು. ಹೊಲದ ಬದುವಿನಲ್ಲಿ, ತೆಂಗಿನ ತೋಟದಲ್ಲಿ ಬೆಳೆಯುತ್ತೇವೆ. ಒಮ್ಮೆ ಬುಡ ನೆಟ್ಟರೆ ಸಾಕು, 40-45 ದಿನಕ್ಕೊಮ್ಮೆ ಕೊಯ್ಯಬಹುದು. ಕೊಯ್ದಷ್ಟೂ ಚಿಗುರುತ್ತದೆ. ಹಸು, ಎಮ್ಮೆಗಳಿಗೆ ಒಳ್ಳೆ ಮೇವು.

"ಇಂಥ ಹುಲ್ಲಿನಿಂದ ಯಾರಿಗಾದರೂ ಕೆಟ್ಟದ್ದಾಗುತ್ತಾ ಮೇಷ್ಟ್ರೇ?" ಅಂತ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು. ಆಗಿದೆ. ಎಲ್ಲಿ, ಹೇಗೆ ಅಂತ ಓದೋಣ.

ಹವಾಯಿ ಅಂತ ಒಂದು ದ್ವೀಪಗಳ ಗುಂಪು ಇದೆ. ದ್ವೀಪ ಅಂದರೆ ಸುತ್ತಲೂ ನೀರಿರುವ ನೆಲ. ಹವಾಯಿ ಅಮೆರಿಕ ದೇಶಕ್ಕೆ ಸೇರಿದ್ದು. ಆದರೆ ಅಮೆರಿಕದ ದಡದಿಂದ ಸುಮಾರು 3,800 ಕಿಲೋಮೀಟರ್ ದೂರ, ಶಾಂತ ಸಾಗರದ ನಡುವೆ ಇದೆ.

ಅಷ್ಟು ದೂರಕ್ಕೆ ಬೀಜ ಹೋಗುವುದು ಹೇಗೆ? ಗಾಳಿಯಲ್ಲಿ ತೇಲಬೇಕು. ಹಕ್ಕಿಯ ಹೊಟ್ಟೆ ಸೇರಬೇಕು. ಇಲ್ಲ, ಅಲೆಯ ಮೇಲೆ ಬರಬೇಕು. ಲಕ್ಷಾಂತರ ವರ್ಷಗಳಲ್ಲಿ ಕೆಲವೇ ಗಿಡಗಳು ಅಲ್ಲಿ ಮುಟ್ಟಿದವು. ಅವುಗಳಿಂದಲೇ ಹೊಸ ಹೊಸ ಬಗೆ ಹುಟ್ಟಿದವು. ಅಲ್ಲಿನ ಮೂಲ ಹೂಗಿಡಗಳಲ್ಲಿ 100ಕ್ಕೆ ಸುಮಾರು 90 ಬಗೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹಸು, ಮೇಕೆ, ಜಿಂಕೆ ಯಾವುದೂ ಅಲ್ಲಿರಲಿಲ್ಲ. ಮೇಯುವವರೇ ಇಲ್ಲದ ಮೇಲೆ ಮುಳ್ಳು ಯಾಕೆ ಬೇಕು? ಎಷ್ಟೋ ಗಿಡಗಳಿಗೆ ಮುಳ್ಳಿಲ್ಲ. ಕಾಡಿಗೆ ಬೆಂಕಿ ಬೀಳುವುದೂ ಅಪರೂಪ. ಬಾಗಿಲಿಗೆ ಅಗುಳಿ ಇಲ್ಲದ ಮನೆ ಅನ್ನಿ!

ಗಿನಿ ಹುಲ್ಲಿನ ತವರು ಆಫ್ರಿಕಾ. ನೂರು ವರ್ಷಕ್ಕೂ ಹಿಂದೆ ದನದ ಮೇವಿಗೆಂದು ಅದನ್ನು ಹವಾಯಿಗೆ ತಂದರು. ದನ ಮೇಯುವವರೆಗೆ ಹುಲ್ಲು ಹತೋಟಿಯಲ್ಲಿತ್ತು. ಕಬ್ಬು ಬೆಳೆಯುವವರೆಗೆ ಹೊಲಗಳೂ ಹಸಿರಾಗಿದ್ದವು. ಆಮೇಲೆ ಸಕ್ಕರೆ ಕಾರ್ಖಾನೆಗಳು ಒಂದೊಂದೇ ಮುಚ್ಚಿದವು. ಕೊನೆಯದು 2016ರಲ್ಲಿ ಮುಚ್ಚಿತು. ಹೊಲಗಳು ಬೀಳು ಬಿದ್ದವು. ಗಿನಿ ಹುಲ್ಲು ಮತ್ತು ಹೊರಗಿನಿಂದ ಬಂದ ಬೇರೆ ಹುಲ್ಲುಗಳು ಅಲ್ಲೆಲ್ಲ ಹಬ್ಬಿದವು, ನಮ್ಮ ಬೀಳು ಜಾಗದಲ್ಲಿ ಕಾಂಗ್ರೆಸ್ ಗಿಡ ಹಬ್ಬಿದ ಹಾಗೆ.

ಮಳೆಯಲ್ಲಿ ಹುಲ್ಲು ಆಳೆತ್ತರ ಬೆಳೆಯುತ್ತದೆ. ಬೇಸಿಗೆಗೆ ಒಣಗಿ ನಿಲ್ಲುತ್ತದೆ. ಒಂದು ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ಬೆಂಕಿ ಪಕ್ಕದ ಕಾಡಿಗೂ ನುಗ್ಗುತ್ತದೆ. ಅಲ್ಲಿನ ಮರಗಳಿಗೆ ಬೆಂಕಿಯ ಅಭ್ಯಾಸವಿಲ್ಲ, ಸಾಯುತ್ತವೆ. ಹುಲ್ಲಿನ ಬುಡ ಮಾತ್ರ ಮಣ್ಣಿನಲ್ಲಿ ಉಳಿದು ಮತ್ತೆ ಚಿಗುರುತ್ತದೆ. ಮರ ಸತ್ತ ಜಾಗವನ್ನೂ ಒತ್ತುವರಿ ಮಾಡುತ್ತದೆ. ಮುಂದಿನ ಸಲ ಬೆಂಕಿಗೆ ಇನ್ನಷ್ಟು ಹುಲ್ಲು ಸಿಗುತ್ತದೆ.

2023ರ ಆಗಸ್ಟ್ 8ರಂದು ಮಾವಿ ಎಂಬ ದ್ವೀಪದಲ್ಲಿ ಜೋರು ಗಾಳಿ ಬೀಸಿತು. ಕರೆಂಟಿನ ತಂತಿ ಹರಿದು ಬಿತ್ತು. ಒಣಹುಲ್ಲು ಹೊತ್ತಿತು. ಬೆಳಿಗ್ಗೆ ಆರಿಸಿದ ಬೆಂಕಿ ಮಧ್ಯಾಹ್ನ ಮತ್ತೆ ಎದ್ದು ಲಹೈನಾ ಪಟ್ಟಣಕ್ಕೆ ನುಗ್ಗಿತು. 102 ಜನ ಸತ್ತರು. 2,000ಕ್ಕೂ ಹೆಚ್ಚು ಕಟ್ಟಡ ಸುಟ್ಟವು. 1873ರಲ್ಲಿ ನಮ್ಮ ದೇಶದಿಂದ ತರಿಸಿ ನೆಟ್ಟ ಒಂದು ಆಲದ ಮರ ಅಲ್ಲಿದೆ. ಅದೂ ಸುಟ್ಟಿತು. ಪುಣ್ಯ, ಮುಂದಿನ ತಿಂಗಳೇ ಅದರಲ್ಲಿ ಎಲೆ ಚಿಗುರಿತು.

ಎಲ್ಲ ತಪ್ಪೂ ಹುಲ್ಲಿನದಲ್ಲ. ಗಾಳಿ ಇತ್ತು, ತಂತಿ ಇತ್ತು. ನಮ್ಮನ್ನು ಕೇಳಿದರೆ, ಹೊಲವನ್ನು ಹಾಗೇ ಬಿಟ್ಟು ಹೋದವರ ತಪ್ಪೇ ದೊಡ್ಡದು. ಈಗ ಹವಾಯಿಯ ಕೆಲವು ಕಡೆ ಹುಲ್ಲು ತಗ್ಗಿಸಲು ದನ, ಕುರಿ, ಮೇಕೆ ಬಿಟ್ಟು ಮೇಯಿಸುತ್ತಾರೆ.

"ಹಾಗಾದರೆ ನಮ್ಮ ಬದುವಿನ ಹುಲ್ಲು ಕಿತ್ತು ಹಾಕಬೇಕಾ?" ಅಂದರು ಆ ಅಕ್ಕ.

ಬೇಡ, ಕೊಯ್ಯಿರಿ. ಹೂ ಬಿಡುವ ಮೊದಲೇ ಕೊಯ್ದರೆ ಮೇವು ಎಳೆಯದಾಗಿರುತ್ತದೆ, ಬೀಜವೂ ಹರಡುವುದಿಲ್ಲ. ಕೂಲಿಗೆ ಬೆಂಗಳೂರಿಗೆ ಹೋಗುವವರು, ಹೋಗುವ ಮುಂಚೆ ಪಕ್ಕದ ಮನೆಯವರಿಗಾದರೂ ಕೊಯ್ದುಕೊಳ್ಳಲು ಹೇಳಿ ಹೋಗಿ.