ಆರು ಅಡಿಕೆ ಸಾಕು, ಬ್ರೈಲ್ ಕಲಿಸಲು

ಜನವರಿ 4 ವಿಶ್ವ ಬ್ರೈಲ್ ದಿನ. 1809ರ ಅದೇ ದಿನ ಫ್ರಾನ್ಸಿನ ಕೂಪ್‌ವ್ರೇ ಗ್ರಾಮದಲ್ಲಿ ಲೂಯಿ ಬ್ರೈಲ್ ಹುಟ್ಟಿದರು. ಶಾಲೆಗಳಲ್ಲಿ ಈ ದಿನ ಬರೀ ಭಾಷಣದಲ್ಲಿ ಮುಗಿಯಬೇಕಿಲ್ಲ. ದಕ್ಷಿಣ ಕನ್ನಡದ ಮಾಣಿ ಊರಿನ ಸುತ್ತಮುತ್ತಲ ಶಾಲೆಗಳಲ್ಲಿ ಅಡಿಕೆಗೆ ಬರವಿಲ್ಲ, ಬಿಸಿಯೂಟದ ಕೋಣೆಯಲ್ಲಿ ಖಾಲಿ ಮೊಟ್ಟೆ ಟ್ರೇ ಇದ್ದೇ ಇರುತ್ತದೆ. ಜೊತೆಗೆ ಡ್ರಾಯಿಂಗ್ ಶೀಟ್ ಮತ್ತು ಇಂಕು ಮುಗಿದ ಬಾಲ್ ಪೆನ್ ಇದ್ದರೆ ಪಾಠ ಶುರುಮಾಡಬಹುದು.

1. ಕಥೆ ಹೇಳಿ: ಲೂಯಿಯ ಅಪ್ಪ ಕುದುರೆ ಜೀನು ಹೊಲಿಯುವವರು. ಮೂರನೇ ವಯಸ್ಸಿನಲ್ಲಿ ಅಪ್ಪನ ದಬ್ಬಣ ಚುಚ್ಚಿ ಮಗುವಿನ ಒಂದು ಕಣ್ಣು ಹೋಯಿತು. ಸೋಂಕು ಹರಡಿ ಇನ್ನೊಂದೂ ಹೋಯಿತು. ಪ್ಯಾರಿಸ್‌ನ ಅಂಧರ ಶಾಲೆಯಲ್ಲಿದ್ದಾಗ ಶಾರ್ಲ್ ಬಾರ್ಬಿಯೆ ರೂಪಿಸಿದ್ದ 12 ಚುಕ್ಕಿಗಳ ಬರಹ ಲೂಯಿಯ ಕೈಗೆ ಸಿಕ್ಕಿತು. ಅಷ್ಟು ಚುಕ್ಕಿಗಳು ಒಂದು ಬೆರಳತುದಿಗೆ ದಕ್ಕುವುದಿಲ್ಲ. ಅವನ್ನು ಆರಕ್ಕೆ ಇಳಿಸಿದಾಗ ಲೂಯಿಗೆ 15 ವರ್ಷ. ಹತ್ತನೇ ಕ್ಲಾಸಿನ ಹುಡುಗನ ವಯಸ್ಸು ಅದು ಎಂದು ಮಕ್ಕಳಿಗೆ ಮರೆಯದೆ ಹೇಳಿ.

2. ಅಡಿಕೆ ಜೋಡಿಸಿ: ಎರಡು ಸಾಲು, ಸಾಲಿಗೆ ಮೂರು ಗುಳಿ ಬರುವಂತೆ ಟ್ರೇ ಕತ್ತರಿಸಿ. ಎಡಸಾಲು ಮೇಲಿನಿಂದ 1, 2, 3. ಬಲಸಾಲು 4, 5, 6. ಗುಳಿ 1 ಮತ್ತು 3ರಲ್ಲಿ ಅಡಿಕೆ ಇಟ್ಟರೆ ‘ಕ’. 1, 3, 4 ‘ಮ’. 1, 2, 3 ‘ಲ’. ಮೂರು ಮಕ್ಕಳು ಟ್ರೇ ಹಿಡಿದು ಸಾಲಾಗಿ ಕೂತರೆ ‘ಕಮಲ’.

3. ಊರ ಹೆಸರು ಬರೆಸಿ: ನಮ್ಮ ಭಾಷೆಗಳ ಬ್ರೈಲ್ ಆದ ಭಾರತಿ ಬ್ರೈಲ್‌ನಲ್ಲಿ ಕಾಗುಣಿತದ ಸ್ವರಕ್ಕೆ ಬೇರೆಯೇ ಮನೆ. ಹಾಗಾಗಿ ‘ಮಾಣಿ’ಗೆ ನಾಲ್ಕು ಟ್ರೇ ಬೇಕು: ಮ (1, 3, 4), ಆ (3, 4, 5), ಣ (3, 4, 5, 6), ಇ (2, 4).

4. ಚುಚ್ಚಿ ಬರೆಸಿ: ಮಡಚಿದ ಬಟ್ಟೆಯ ಮೇಲೆ ಶೀಟ್ ಇಟ್ಟು ಪೆನ್ನಿನ ಮೊನೆಯಿಂದ ಒತ್ತಿಸಿ. ಉಬ್ಬುವುದು ಹಿಂಬದಿಯಲ್ಲಿ, ಆದ್ದರಿಂದ ಬರೆಯುವುದು ಬಲದಿಂದ ಎಡಕ್ಕೆ, 1, 2, 3ರ ಜಾಗ ಬಲಸಾಲು. ಹಾಳೆ ಮಗುಚಿದರೆ ಅಕ್ಷರ ಸರಿಯಾಗಿ ಸಿಗುತ್ತದೆ. ಅಚ್ಚಿನ ಬ್ರೈಲ್‌ನಲ್ಲಿ ಚುಕ್ಕಿಗಳ ಅಂತರ ಸುಮಾರು 2.5 ಮಿ.ಮೀ.; ಮಕ್ಕಳು ಅದರ ದುಪ್ಪಟ್ಟು ಬಿಡಲಿ.

5. ಬೆರಳಿನಿಂದ ಓದಿಸಿ: ಕಣ್ಣು ಕಟ್ಟಿ ಅಂಗಳದಲ್ಲಿ ನಡೆಸುವ ಆಟ ಬೇಡ. ಅದರಿಂದ ಮಕ್ಕಳಿಗೆ ಭಯ ಹುಟ್ಟುತ್ತದೆ, ಓದು ಬರುವುದಿಲ್ಲ. ಕೂತಲ್ಲೇ ಕಣ್ಣು ಮುಚ್ಚಿ, ತೋರುಬೆರಳನ್ನು ಹಗುರವಾಗಿ ಎಡದಿಂದ ಬಲಕ್ಕೆ ಸರಿಸಲಿ. ಒತ್ತಿದರೆ ಚುಕ್ಕಿ ಕುಸಿಯುತ್ತದೆ.

6. ಮನೆಗೆಲಸ ಕೊಡಿ: ಲೂಯಿ ಬ್ರೈಲ್ ಅವರ 200ನೇ ಜನ್ಮವರ್ಷದ ನೆನಪಿಗೆ ಭಾರತ ಸರ್ಕಾರ 2009ರಲ್ಲಿ ಎರಡು ರೂಪಾಯಿ ನಾಣ್ಯ ಹೊರಡಿಸಿತು. ಮನೆಯ ಚಿಲ್ಲರೆಯಲ್ಲಿ ಅದನ್ನು ಹುಡುಕಿಸಿ.

ಮಾಣಿಯಿಂದ ಕವಲೊಡೆಯುವ ಹೆದ್ದಾರಿ ಮೈಸೂರಿಗೆ ಹೋಗುತ್ತದೆ. ಅಲ್ಲಿನ ತಿಲಕ್‌ನಗರದಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ. ಈ ಬಾರಿ ಶಾಲಾ ಪ್ರವಾಸ ಮೈಸೂರಿಗಾದರೆ, ಮೊದಲೇ ಪತ್ರ ಬರೆದು ಅನುಮತಿ ಕೇಳಿ. ಅರಮನೆ, ಮೃಗಾಲಯದ ಪಟ್ಟಿಗೆ ಈ ಮುದ್ರಣಾಲಯವನ್ನೂ ಸೇರಿಸಿಕೊಳ್ಳಿ.