ಅಧ್ಯಯನ ಪಾಠ: ಹವಾಮಾನ ರೇಡಾರ್ ಮೇಲ್‌ಸ್ತರದ ಗಾಳಿಯನ್ನು ಅಳೆಯುವ ಬಗೆ

ವಿಪತ್ತು ನಿರ್ವಹಣೆಯ ಹೊಣೆ ಹೊತ್ತ ಗ್ರಾಮ ಪಂಚಾಯಿತಿ ಸಿಬ್ಬಂದಿಯ ತಿಳಿವಳಿಕೆಗಾಗಿ ಡಾಪ್ಲರ್ ರೇಡಾರ್‌ನ ಕಾರ್ಯವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

1. ತತ್ವ: ರೇಡಾರ್ ಗಾಳಿಯನ್ನು ನೇರವಾಗಿ ಕಾಣದು. ಗಾಳಿಯೊಡನೆ ಸಾಗುವ ಮಳೆಹನಿಗಳಿಂದ ಮರಳುವ ರೇಡಿಯೋ ಅಲೆಗಳನ್ನು ಗ್ರಹಿಸುತ್ತದೆ. ಹನಿಗಳು ಸಮೀಪಿಸಿದರೆ ಅಲೆಯ ಆವರ್ತನ ಹೆಚ್ಚುತ್ತದೆ; ದೂರ ಸರಿದರೆ ತಗ್ಗುತ್ತದೆ. ಅಡ್ಡಲಾಗಿ ಸಾಗುವ ಚಲನೆ ಮಾತ್ರ ಇದರಿಂದ ತಿಳಿಯದು.

2. ವಿಧಾನ: ಈ ಕೊರತೆ ನೀಗಲು ಆಂಟೆನಾವನ್ನು ಒಂದೇ ಏರುಕೋನದಲ್ಲಿ ಸುತ್ತಲೂ ತಿರುಗಿಸಲಾಗುತ್ತದೆ. ಲೆರ್ಮಿತ್ ಮತ್ತು ಅಟ್ಲಾಸ್ ಎಂಬ ವಿಜ್ಞಾನಿಗಳು 1961ರಲ್ಲಿ ಈ ವಿಧಾನವನ್ನು ಮಂಡಿಸಿದರು. ಏರುಕೋನ 5 ಡಿಗ್ರಿ ಇದ್ದರೆ, 20 ಕಿ.ಮೀ. ದೂರದಲ್ಲಿ ಕಿರಣವು ಸುಮಾರು 1.8 ಕಿ.ಮೀ. ಎತ್ತರದಲ್ಲಿರುತ್ತದೆ. ಅಲ್ಲಿ ಪಶ್ಚಿಮದ ಹನಿಗಳು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಸಮೀಪಿಸಿ, ಪೂರ್ವದವು ಅಷ್ಟೇ ವೇಗದಲ್ಲಿ ದೂರ ಸರಿದು, ಉತ್ತರ-ದಕ್ಷಿಣಗಳಲ್ಲಿ ಸೊನ್ನೆ ಕಂಡುಬಂದರೆ, ಆ ಎತ್ತರದಲ್ಲಿ ಗಂಟೆಗೆ ಸುಮಾರು 54 ಕಿ.ಮೀ. ವೇಗದ ಪಶ್ಚಿಮ ಗಾಳಿಯಿದೆ ಎಂದು ತಿಳಿಯತಕ್ಕದ್ದು. ದೂರ ಹೆಚ್ಚಿದಂತೆ ಕಿರಣದ ಎತ್ತರವೂ ಹೆಚ್ಚುವುದರಿಂದ ಹಲವು ಸ್ತರಗಳ ಗಾಳಿಯ ಮಾಹಿತಿ ದೊರೆಯುತ್ತದೆ.

3. ಮಿತಿ: ವೃತ್ತದುದ್ದಕ್ಕೂ ಗಾಳಿ ಹೆಚ್ಚುಕಡಿಮೆ ಒಂದೇ ತೆರನಾಗಿರಬೇಕು, ಗುಡುಗುಮಳೆಯ ಬಳಿ ಹಾಗಿರದು. ಭೂಮಿ ದುಂಡಗಿರುವ ಕಾರಣ, 0.5 ಡಿಗ್ರಿ ಏರುಕೋನದ ಕಿರಣವೂ 200 ಕಿ.ಮೀ. ದೂರದಲ್ಲಿ ಸುಮಾರು 4 ಕಿ.ಮೀ. ಮೇಲಿರುತ್ತದೆ. ಆದುದರಿಂದ ದೂರದ ಗ್ರಾಮದಲ್ಲಿ ನೆಲದ ಬಳಿ ಬೀಸುವ ಬಿರುಗಾಳಿಯು ರೇಡಾರ್‌ಗೆ ಗೋಚರಿಸದೆ ಇರಬಹುದು.

4. ಪಾಲಿಸಬೇಕಾದುದು: ರೇಡಾರ್ ಚಿತ್ರ ಶಾಂತವಾಗಿದೆ ಎಂಬ ಕಾರಣಕ್ಕೆ ಮುನ್ನೆಚ್ಚರಿಕೆಯನ್ನು ಸಡಿಲಿಸತಕ್ಕದ್ದಲ್ಲ. ಹವಾಮಾನ ಇಲಾಖೆಯ ಎಚ್ಚರಿಕೆ ಜಾರಿಯಲ್ಲಿರುವವರೆಗೆ ಹೊಲಗಳಲ್ಲಿ ಮತ್ತು ಮರಗಳಡಿ ಇರುವವರನ್ನು ಸುರಕ್ಷಿತ ಕಟ್ಟಡಗಳಿಗೆ ಕಳುಹಿಸತಕ್ಕದ್ದು.